ನಡೆಯುವ ಹಿಂಡಿನ ಸೀಮೆ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಸುರಪುರ, ಶಹಾಪುರ, ಯಾದಗಿರಿ ಸೀಮೆಯ ದನ-ಕುರಿಗಳ ವಿಚಾರವನ್ನು ಪಶುಪಾಲನೆಯ ಬರಹಗಳು ಸಾಮಾನ್ಯವಾಗಿ ಎರಡು ಮಾತಿನಲ್ಲಿ ಮುಗಿಸುತ್ತವೆ: ಬಿಸಿಲನ್ನೂ ಬರವನ್ನೂ ತಾಳುತ್ತವೆ, ಆದರೆ ಹಾಲು, ಮಾಂಸ, ಮರಿ ಎಲ್ಲವೂ ಕಡಿಮೆ. ಮೊದಲನೆಯದನ್ನು ಹೊಗಳಿಕೆಯಾಗಿ, ಎರಡನೆಯದನ್ನು ಕೊರತೆಯಾಗಿ ಓದುವುದು ನಮಗೆ ರೂಢಿಯಾಗಿದೆ. ಇವೆರಡೂ ಒಂದೇ ಇತಿಹಾಸದಿಂದ ಹುಟ್ಟಿದವು, ಆ ಇತಿಹಾಸ ಬಿಸಿಲಿಗಿಂತ ಹೆಚ್ಚಾಗಿ ನಡಿಗೆಯದು ಎಂಬುದು ನನ್ನ ವಾದ. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ 700 ಮಿಲಿಮೀಟರ್. ಅದೂ ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ, ಬಿದ್ದದ್ದು ಎಲ್ಲ ಕಡೆ ಒಂದೇ ಸಮ ನಿಲ್ಲುವುದೂ ಇಲ್ಲ. ಯಾದಗಿರಿ, ಶಹಾಪುರದ ಗ್ರಾನೈಟ್ ಗುಡ್ಡಗಳ ಮಸಾರಿಯ ಕೆಂಪು ನೆಲ ಮತ್ತು ಮಡ್ಡಿಯ ಕಲ್ಲುನೆಲದಲ್ಲಿ ಮೊದಲ ಮಳೆಗೇ ಹುಲ್ಲು ಚಿಗುರುತ್ತದೆ, ಮಳೆ ಹಿಂದೆ ಸರಿದ ಕೆಲವೇ ವಾರಗಳಲ್ಲಿ ಒಣಗುತ್ತದೆ. ಎರಿಯ ಕಪ್ಪು ನೆಲ ಮಳೆಗಾಲವಿಡೀ ಕಾಲಿಡಲಾಗದಷ್ಟು ಜಿಗುಟಾಗಿರುತ್ತದೆ, ಆದರೆ ಚಳಿಗಾಲ ಮುಗಿಯುವವರೆಗೂ ಹಸಿಯನ್ನು ಬಿಟ್ಟುಕೊಡುವುದಿಲ್ಲ. ಭೀಮಾ ಸೀಮೆಯ ಸುಣ್ಣಕಲ್ಲಿನ ಸಂದುಗಳಿಂದ ಕೆಲವೆಡೆ ಬೇಸಿಗೆಯಲ್ಲೂ ನೀರು ಜಿನುಗುತ್ತದೆ. ಹೀಗೆ ಮೇವು ಒಂದು ಕಡೆ, ನೀರು ಇನ್ನೊಂದು ಕಡೆ, ಎರಡೂ ತಿಂಗಳು ತಿಂಗಳಿಗೆ ಜಾಗ ಬದಲಿಸುವ ನೆಲದಲ್ಲಿ ಬದುಕುವ ಪ್ರಾಣಿಗೆ ಪರಿಸರ ಎಂದರೆ ಒಂದು ದಾರಿ. ಅದರ ಮೈ, ಅದರ ಕಾಲು, ಅದು ಮರಿ ಹಾಕುವ ತಿಂಗಳು ಮೂರೂ ಆ ದಾರಿಗೆ ಹೊಂದಿಕೊಂಡಿವೆ.

ಈ ಕಥೆ ಸಾಕುಪ್ರಾಣಿಗಳಿಗಿಂತ ಬಹಳ ಹಿಂದಿನಿಂದ ಶುರುವಾಗುತ್ತದೆ. ಹುಣಸಗಿ–ಬೈಚಬಾಳ ಕಣಿವೆಗಳಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ದಶಕಗಳ ಕಾಲ ನಡೆದು ಹುಡುಕಿ, ಹಳೆ ಶಿಲಾಯುಗದ ನೂರಾರು ನೆಲೆಗಳನ್ನು ಗುರುತಿಸಿದರು. ಅವುಗಳಲ್ಲಿ ಇಸಾಂಪುರದ ಕಾಲವನ್ನು ಹೇಳಿಕೊಟ್ಟದ್ದು ಸಸ್ಯಾಹಾರಿ ಪ್ರಾಣಿಯ ಹಲ್ಲು. ಹಲ್ಲಿನ ಹೊರಕವಚವನ್ನು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ವಿಧಾನದಿಂದ ಪರೀಕ್ಷಿಸಿದಾಗ ಸುಮಾರು 12 ಲಕ್ಷ ವರ್ಷದ ಹಿಂದಿನ ಕಾಲ ಬಂತು. ಅಂದಿನ ಮನುಷ್ಯರ ಬಗ್ಗೆ ಪದ್ದಯ್ಯ ಮುಂದಿಟ್ಟ ಚಿತ್ರ ನನ್ನ ವಾದಕ್ಕೆ ಬಹಳ ಮುಖ್ಯವಾದದ್ದು: ಮಳೆಗಾಲದಲ್ಲಿ ಹೊಂಡ, ಹಳ್ಳಗಳಲ್ಲೆಲ್ಲ ನೀರಿರುವಾಗ ಸಣ್ಣ ಸಣ್ಣ ಗುಂಪುಗಳಾಗಿ ಕಣಿವೆಯ ತುಂಬ ಚದುರುವುದು, ಬೇಸಿಗೆಯಲ್ಲಿ ಬತ್ತದ ಒರತೆಗಳ ಸುತ್ತ ಒಟ್ಟುಗೂಡುವುದು. ಒರತೆಯ ಬಳಿ ಮನುಷ್ಯ ಕಾದು ಕೂತಿದ್ದರೆ, ಅಲ್ಲಿಗೆ ಬೇಟೆಯ ಪ್ರಾಣಿ ಬಂದೇ ಬರುತ್ತಿತ್ತು ಎಂಬ ಭರವಸೆಯೂ ಅದಕ್ಕೆ ಕಾರಣವಾಗಿರಬೇಕು. ಅಂದರೆ ಚದುರು–ಕೂಡು ಎಂಬ ಈ ವಾರ್ಷಿಕ ಉಸಿರಾಟವನ್ನು ಮನುಷ್ಯ ಕಂಡುಹಿಡಿಯಲಿಲ್ಲ. ಕಾಡುದನ, ಹುಲ್ಲೆಗಳು ಮೊದಲೇ ನಡೆಯುತ್ತಿದ್ದ ಲಯಕ್ಕೆ ಅವನು ಸೇರಿಕೊಂಡ.

ಅದೇ ಕಣಿವೆಗಳಲ್ಲಿ, ನಾಲ್ಕು ಸಾವಿರ ವರ್ಷಗಳ ಹಿಂದೆ, ದನ ಕಾಯುವವರು ಬಿಟ್ಟುಹೋದ ಗುರುತು ಬೂದಿದಿಬ್ಬಗಳು. ಸುರಪುರ ಸೀಮೆಯ ಕೊಡೇಕಲ್ಲಿನ ದಿಬ್ಬವನ್ನು ಪದ್ದಯ್ಯ 1960ರ ದಶಕದಲ್ಲಿ ಅಗೆದರು. ಬೂದಿಹಾಳದ್ದನ್ನು 1990ರ ಆಸುಪಾಸಿನ ವರ್ಷಗಳಲ್ಲಿ ಬಹಳ ವಿಸ್ತಾರವಾಗಿ ಅಗೆದರು. ರಾಯಚೂರು, ಬಳ್ಳಾರಿ, ಕಲಬುರಗಿ, ಮಹಬೂಬನಗರ ಭಾಗಗಳಲ್ಲಿ ಹರಡಿರುವ ಈ ದಿಬ್ಬಗಳನ್ನು ಕಂಡ 19ನೇ ಶತಮಾನದ ಅಧಿಕಾರಿಗಳು ಜ್ವಾಲಾಮುಖಿಯ ಬೂದಿ, ಸಾಮೂಹಿಕ ಚಿತೆ, ಕಬ್ಬಿಣ ಕರಗಿಸಿದ ಕುಲುಮೆ ಎಂದೆಲ್ಲ ಊಹಿಸಿದ್ದರು. ಊರವರು ರಕ್ಕಸರ ಮೂಳೆ ಎನ್ನುತ್ತಿದ್ದರು. ದನದ ದೊಡ್ಡಿಯಲ್ಲಿ ರಾಶಿಬಿದ್ದ ಸಗಣಿ ಸುಟ್ಟು ಆದದ್ದು ಎಂದು ಮೊದಲು ಗಟ್ಟಿಯಾಗಿ ಹೇಳಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್. ಹುಲ್ಲಿನಲ್ಲಿರುವ ಸಿಲಿಕಾ ಸಗಣಿಯಲ್ಲಿ ಉಳಿದು, ಹೆಚ್ಚು ಕಾವಿಗೆ ಕರಗಿ ಗಾಜಿನ ಕಿಟ್ಟವಾಗುತ್ತದೆ. ಆ ಕಿಟ್ಟವೇ ಹಿಂದಿನವರನ್ನು ಕುಲುಮೆಯ ಊಹೆಗೆ ಎಳೆದಿತ್ತು. 1957ರಲ್ಲಿ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ಉಟ್ನೂರಿನ ಬೂದಿದಿಬ್ಬವನ್ನು ಅಗೆದಾಗ ಕಂಬ ನೆಟ್ಟ ಕುಳಿಗಳ ಸಾಲು, ದನದ ಗೊರಸಿನ ಗುರುತು ಎರಡೂ ಸಿಕ್ಕು ವಾದ ಬಹುಮಟ್ಟಿಗೆ ಇತ್ಯರ್ಥವಾಯಿತು. ಇಲ್ಲಿ ಗಮನಿಸಬೇಕಾದದ್ದು ದಿಬ್ಬಗಳ ಹರಹು. ದಕ್ಷಿಣ ಭಾರತದಲ್ಲಿ ದನ ಸಾಕಲು ಹೆಚ್ಚು ಮಳೆಯ, ಹೆಚ್ಚು ಹಸಿರಿನ ಜಾಗಗಳು ಬೇಕಾದಷ್ಟಿದ್ದವು. ಬೂದಿದಿಬ್ಬಗಳು ಇರುವುದು ಘಟ್ಟದ ಮಳೆನೆರಳಿನಲ್ಲಿ, ಪರ್ಯಾಯದ್ವೀಪದ ಅತಿ ಒಣ ಪಟ್ಟಿಯಲ್ಲಿ. ಮರ ದಟ್ಟವಾಗದೆ ಹುಲ್ಲು ಗೆಲ್ಲುವ, ರೋಗ ಹರಡುವ ಜೌಗು ಇಲ್ಲದ ಈ ಒಣನೆಲವೇ ದನಕ್ಕೆ ಒಳ್ಳೆಯದೆಂದು ಆ ಜನ ಅರಿತಿದ್ದರು ಎನ್ನದೆ ಇದನ್ನು ವಿವರಿಸುವುದು ಕಷ್ಟ.

ನನ್ನ ನಡಿಗೆಯ ವಾದಕ್ಕೆ ಒಂದು ಬಲವಾದ ಆಕ್ಷೇಪವಿದೆ, ಅದು ಪದ್ದಯ್ಯನವರ ಕೆಲಸದಿಂದಲೇ ಬಂದದ್ದು. ಆಲ್ಚಿನ್ ಬೂದಿದಿಬ್ಬಗಳನ್ನು ಋತುಮಾನದ ತಂಗುದಾಣಗಳೆಂದು ತಿಳಿದಿದ್ದರು. ಬೂದಿಹಾಳದಲ್ಲಿ ದೊಡ್ಡಿಯ ಪಕ್ಕದಲ್ಲೇ ಮನೆಗಳ ನೆಲ, ಚರ್ಟ್ ಕಲ್ಲಿನ ಆಯುಧ ಮಾಡುವ ಜಾಗ, ಬಹಳ ಜನ ಕೂಡಿ ಪ್ರಾಣಿಗಳನ್ನು ಕಡಿದು ಹಂಚಿಕೊಂಡಂತೆ ಕಾಣುವ ಅಂಗಳ ಎಲ್ಲವೂ ಸಿಕ್ಕವು. ಅದು ನೆಲೆನಿಂತ ಊರು ಎಂಬುದು ಪದ್ದಯ್ಯನವರ ತೀರ್ಮಾನ. ಊರು ನೆಲೆನಿಂತಿದ್ದರೆ ನಡಿಗೆಯ ವಾದ ಎಲ್ಲಿ ಉಳಿಯಿತು? ಉಳಿಯುತ್ತದೆ ಎಂದೇ ನನ್ನ ಎಣಿಕೆ, ಏಕೆಂದರೆ ಊರು ನಿಲ್ಲುವುದೂ ಹಿಂಡು ನಡೆಯುವುದೂ ಒಂದಕ್ಕೊಂದು ವಿರೋಧವಲ್ಲ. ಇಂದಿಗೂ ಕುರಿಗಾರರ ಮನೆ ಊರಲ್ಲೇ ಇರುತ್ತದೆ. ಮುದುಕರು, ಮಕ್ಕಳು, ಹೊಲ ಅಲ್ಲೇ ಇರುತ್ತವೆ. ಹಿಂಡಿನ ಜೊತೆ ಮನೆಯ ಒಂದಿಬ್ಬರು ಅಡವಿಯಲ್ಲಿರುತ್ತಾರೆ. ಪದರ ಪದರವಾಗಿ ಸುಟ್ಟ ಸಗಣಿಯೂ ಅದನ್ನೇ ಹೇಳುತ್ತದೆ: ದೊಡ್ಡಿ ತುಂಬಿತು, ಸುಟ್ಟರು, ಮತ್ತೆ ತುಂಬಿತು. ಆ ಬೆಂಕಿಗೆ ಧಾರ್ಮಿಕ ಅರ್ಥವಿತ್ತು ಎಂದು ಹಲವು ವಿದ್ವಾಂಸರು ಹೇಳಿದ್ದಾರೆ. ಸಂಕ್ರಾಂತಿಯಲ್ಲಿ ದನಗಳನ್ನು ಕಿಚ್ಚು ಹಾಯಿಸುವ ಪದ್ಧತಿ ಬಲ್ಲ ನಮಗೆ ಅದನ್ನು ಒಪ್ಪಲು ತೊಂದರೆಯಿಲ್ಲ. ಆದರೆ ಹಬ್ಬದ ಬೆಂಕಿಯೂ ಉಣುಗನ್ನು, ನೊಣದ ಮೊಟ್ಟೆಯನ್ನು ಸುಡುತ್ತದೆ. ನೂರಾರು ದನ ಒತ್ತಾಗಿ ಮಲಗುವ ದೊಡ್ಡಿಯಲ್ಲಿ ಸಗಣಿ ರಾಶಿ ಬಿದ್ದರೆ ಹಿಂಡೇ ರೋಗಕ್ಕೆ ಬೀಳುತ್ತದೆ. ನಡಿಗೆಯ ನಡುವೆ ನಿಲ್ಲಬೇಕಾದ ಜಾಗವನ್ನು ಶುದ್ಧ ಮಾಡುವ ಉಪಾಯ ಆ ಬೆಂಕಿಯಲ್ಲಿತ್ತು.

ಆ ದೊಡ್ಡಿಯಲ್ಲಿ ನಿಂತದ್ದು ಇಣಿಯುಳ್ಳ ದನ. ದಕ್ಷಿಣದ ನವಶಿಲಾಯುಗದ ಬಂಡೆಚಿತ್ರಗಳಲ್ಲೂ ಮಣ್ಣಿನ ಬೊಂಬೆಗಳಲ್ಲೂ ಮತ್ತೆ ಮತ್ತೆ ಕಾಣುವುದು ಅದೇ. ಯುರೋಪಿನ ದನಕ್ಕೆ ಹೋಲಿಸಿದರೆ ಇದರ ಬೆವರುಗ್ರಂಥಿಗಳು ದೊಡ್ಡವು, ದಟ್ಟವಾದವು. ರೋಮ ಗಿಡ್ಡ, ನುಣುಪು. ತಿಳಿಬಣ್ಣದ ರೋಮದ ಕೆಳಗೆ ಕಪ್ಪು ಚರ್ಮ. ಉಣುಗಿಗೆ ಸುಲಭವಾಗಿ ಜಗ್ಗದ ಮೈ. ಗಂಗೆದೊಗಲು, ಜೋಲುಚರ್ಮ ಮೈಯ ಹೊರಹರಹನ್ನು ಹೆಚ್ಚಿಸುತ್ತವೆ. ಇವೆಲ್ಲ ಶಾಲೆಯ ಪಾಠದಲ್ಲೇ ಬರುತ್ತವೆ. ಕಡಿಮೆ ಮಾತಾಗುವುದು ಒಳಗಿನ ಹೊಂದಾಣಿಕೆ: ಈ ದನದ ಮೈ ವಿಶ್ರಾಂತಿಯಲ್ಲಿದ್ದಾಗ ಕಡಿಮೆ ಶಕ್ತಿ ಸುಡುತ್ತದೆ, ಕಡಿಮೆ ನೀರು ಕೇಳುತ್ತದೆ, ಸತ್ವವಿಲ್ಲದ ಒಣಹುಲ್ಲಿನ ಮೇಲೂ ದಿನ ತಳ್ಳುತ್ತದೆ. ಹೆಚ್ಚು ಹಾಲು ಎಂದರೆ ಮೈಯೊಳಗೆ ಹೆಚ್ಚು ಕಾವು. ಹಾಲು ಕಡಿಮೆ ಎಂದು ನಾವು ಬರೆದುಕೊಳ್ಳುವ ಕೊರತೆ ಏಪ್ರಿಲ್–ಮೇ ತಿಂಗಳಲ್ಲಿ, 42 ಡಿಗ್ರಿ ಬಿಸಿಲಿನಲ್ಲಿ ನೀರಿನವರೆಗೆ ನಡೆದುಹೋಗುವ ಹಸುವಿನ ಉಳಿತಾಯ. ಈ ಗುಣಗಳೆಲ್ಲ ಸಿಂಧೂ ಬಯಲಿನ ಕಡೆ ದನವನ್ನು ಪಳಗಿಸಿದಾಗಲೇ ಬಂದವು, ಸುರಪುರ ಸೀಮೆ ಅದಕ್ಕೆ ಏನನ್ನೂ ಸೇರಿಸಲಿಲ್ಲ ಎಂದು ಯಾರಾದರೂ ಹೇಳಬಹುದು. ಬುಡದ ಮಟ್ಟಿಗೆ ಅದು ನಿಜ. ಬಲೂಚಿಸ್ತಾನದ ಮೆಹರ್‌ಗಢದ ಸಾಕ್ಷ್ಯ ಬೂದಿಹಾಳಕ್ಕಿಂತ ಸಾವಿರಾರು ವರ್ಷ ಹಳೆಯದು. ಆದರೆ ಬಂದ ಮೈಯನ್ನು ಜರಡಿ ಹಿಡಿಯುವುದು ಬಂದ ಮೇಲಿನ ನೆಲ. 1876–78ರ ಮಹಾಕ್ಷಾಮದಂಥ ಬರಗಳಲ್ಲಿ ಮೊದಲು ಸಾಯುತ್ತಿದ್ದದ್ದು ದನ. ಉಳಿದ ಕೆಲವು ಹಸುಗಳ ಕರುಗಳಿಂದ ಹಿಂಡು ಮತ್ತೆ ಬೆಳೆಯಬೇಕಿತ್ತು. ನಾಲ್ಕು ಸಾವಿರ ವರ್ಷದಲ್ಲಿ ಇಂಥ ಜರಡಿ ಎಷ್ಟೋ ಸಲ ಆಡಿದೆ.

ಬೂದಿದಿಬ್ಬಗಳು ಬೆಳೆಯುವುದು ನಿಂತದ್ದು ಏಕೆ? ನನಗೆ ಹೆಚ್ಚು ಒಪ್ಪಿಗೆಯಾಗುವ ಉತ್ತರ ಬೇಸಾಯದಲ್ಲಿದೆ. ಸಗಣಿಯನ್ನು ಸುಡುವವನಿಗೆ ಅದು ಬೇಡದ ವಸ್ತು. ಹೊಲ ಹೆಚ್ಚಾಗಿ, ಅದೇ ಹೊಲವನ್ನು ವರ್ಷ ವರ್ಷ ಬಿತ್ತುವಂತಾದಾಗ ಸಗಣಿಗೆ ಬೆಲೆ ಬಂತು. ಬೆಲೆಯುಳ್ಳದ್ದನ್ನು ಯಾರೂ ರಾಶಿ ಹಾಕಿ ಸುಡುವುದಿಲ್ಲ. ಬದಲಾವಣೆಯ ಇನ್ನೊಂದು ತುದಿಯಲ್ಲಿ ನಿಂತಿರುವುದು ಕುರಿ ತರುಬುವ ಪದ್ಧತಿ: ಸುಗ್ಗಿ ಮುಗಿದ ಎರಿ ಹೊಲದಲ್ಲಿ ರಾತ್ರಿ ಹಿಂಡನ್ನು ತರುಬಿಸಿ, ಹಿಕ್ಕೆ ಮತ್ತು ಗಂಜಳಕ್ಕೆ ಪ್ರತಿಯಾಗಿ ಹೊಲದವನಿಂದ ಕಾಳೋ ಹಣವೋ ಪಡೆಯುವುದು. ಇಲ್ಲಿ ಪ್ರಾಣಿಯ ಮೈಯ ಒಂದು ಗುಣ ಆರ್ಥಿಕ ವ್ಯವಸ್ಥೆಯನ್ನೇ ಸಾಧ್ಯ ಮಾಡಿತು ಎನ್ನಬೇಕು. ದನದ ಸಗಣಿಯಲ್ಲಿ ಬಹುಪಾಲು ನೀರು. ಕುರಿ ತನ್ನ ಕರುಳಿನ ಕೊನೆಯಲ್ಲಿ ನೀರನ್ನು ಹಿಂಡಿಕೊಂಡು ಒಣ ಹಿಕ್ಕೆಯನ್ನಷ್ಟೇ ಬಿಡುತ್ತದೆ, ಮೂತ್ರವನ್ನೂ ಗಟ್ಟಿಯಾಗಿಸಬಲ್ಲದು. ನೀರು ಉಳಿಸಲು ಬೆಳೆದ ಈ ಗುಣವೇ ಅದನ್ನು ನೀರಿನಿಂದ ದೂರದ ಹೊಲಗಳಿಗೆ ಕರೆದೊಯ್ಯಲು ಅನುಕೂಲ ಮಾಡಿತು, ಸಮನಾಗಿ ಚದುರುವ ಗೊಬ್ಬರವನ್ನೂ ಕೊಟ್ಟಿತು. ಮಳೆಗಾಲದಲ್ಲಿ ಮಡ್ಡಿ, ಸುಗ್ಗಿಯ ನಂತರ ಎರಿಯ ಕೂಳೆ ಎಂಬ ಕುರಿಗಾರರ ದಾರಿ ಹೀಗೆ ರೈತರ ದಾರಿಯೊಂದಿಗೆ ಹೆಣೆದುಕೊಂಡಿತು.

ಕುರಿಯ ಮೈಯನ್ನೂ ಈ ದಾರಿಯಲ್ಲೇ ಇಟ್ಟು ನೋಡಬೇಕು. ದಖ್ಖನಿ ಕುರಿಯ ಒರಟು ಕಪ್ಪುಣ್ಣೆ ಬೆನ್ನು, ಪಕ್ಕೆಗಳಲ್ಲಷ್ಟೇ. ಹೊಟ್ಟೆ, ಕಾಲುಗಳು ಬೋಳು. ಬಿಸಿಲು ಮತ್ತು ಮಳೆ ಮೇಲಿನಿಂದ ಬೀಳುವ ಕಡೆ ಹೊದಿಕೆ, ಕಾವು ಹೊರಹೋಗಬೇಕಾದ ಕಡೆ ಬಯಲು, ಮುಳ್ಳು-ಕೆಸರು ಮೆತ್ತುವ ಕಡೆ ಏನೂ ಇಲ್ಲ. ಅದೇ ಉಣ್ಣೆಯಿಂದ, ಹುಣಸೆ ಬೀಜದ ಗಂಜಿ ಕೊಟ್ಟು ನೇಯ್ದ ಕಂಬಳಿಯನ್ನು ಕುರಿಗಾರ ಹೊದ್ದು ಮಳೆಯಲ್ಲಿ ನಿಲ್ಲುತ್ತಾನೆ. ಹಿಂಡಿನ ಹೊಂದಾಣಿಕೆಯನ್ನು ಕಾಯುವವನು ಸಾಲ ಪಡೆದಂತೆ. ರಾಯಚೂರು ಕಡೆಯ ಕೆಂಗುರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ಕೆಂಪು-ಕಂದು ರೋಮದ ಈ ಕುರಿಯ ಉಣ್ಣೆ ನೇಯ್ಗೆಗೆ ಬಾರದಷ್ಟು ಕಡಿಮೆ. ಉಣ್ಣೆಗೆ ಬೆಲೆ ಕುಸಿದು ಮಾಂಸಕ್ಕೆ ಏರಿದ ಕಾಲದಲ್ಲಿ ಕಪ್ಪುಣ್ಣೆಯ ಕುರಿಗಿಂತ ಕೆಂಪು ಕುರಿಯತ್ತ ಒಲವು ಬೆಳೆದದ್ದು ಸಹಜ. ಮಾರುಕಟ್ಟೆಯೂ ಒಂದು ಹವಾಮಾನವೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗುತ್ತದೆ. ಆದರೆ ಎರಡೂ ತಳಿಗೆ ಸಮಾನವಾದದ್ದು ಉದ್ದ ಕಾಲು, ತೆಳ್ಳನೆ ಮೈ, ಬೆಳಗಿನಿಂದ ಸಂಜೆತನಕ ಮೇಯುತ್ತಲೇ ಸಾಗುವ ಶಕ್ತಿ. ಕೊಬ್ಬಿದ ಕುರಿ ಈ ದಾರಿಯಲ್ಲಿ ಹಿಂದೆ ಬೀಳುತ್ತದೆ, ಹಿಂದೆ ಬಿದ್ದದ್ದು ಒಂದು ಕಾಲದಲ್ಲಿ ತೋಳದ ಪಾಲಾಗುತ್ತಿತ್ತು.

ಮರಿ ಹಾಕುವ ಕಾಲದಲ್ಲಿ ಈ ಹೊಂದಾಣಿಕೆ ಅತ್ಯಂತ ಸೂಕ್ಷ್ಮವಾಗಿ ಕಾಣುತ್ತದೆ. ಚಳಿ ದೇಶಗಳ ಕುರಿ ಹಗಲು ಗಿಡ್ಡವಾಗುವುದನ್ನು ಕಣ್ಣಿನ ಮೂಲಕ ಅರಿತು ಬೆದೆಗೆ ಬರುತ್ತದೆ, ವಸಂತದಲ್ಲಿ ಈಯುತ್ತದೆ. ಯಾದಗಿರಿ ಇರುವುದು ಸಮಭಾಜಕ ವೃತ್ತದಿಂದ 16–17 ಡಿಗ್ರಿಯಷ್ಟೇ ಉತ್ತರಕ್ಕೆ. ಇಲ್ಲಿ ಹಗಲಿನ ಉದ್ದ ವರ್ಷದಲ್ಲಿ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಇಲ್ಲಿನ ಕುರಿಗೆ ಬೆಳಕಿಗಿಂತ ಮೇವು ದೊಡ್ಡ ಸಂಕೇತ. ಮುಂಗಾರಿಗೆ ಮಡ್ಡಿ ಹಸಿರಾದೊಡನೆ ಬೇಸಿಗೆಯಲ್ಲಿ ಸೊರಗಿದ ಕುರಿ ಮೈತುಂಬಿಕೊಂಡು ಬೆದೆಗೆ ಬರುತ್ತದೆ. ಗಬ್ಬ ಐದು ತಿಂಗಳು. ಜೂನ್–ಜುಲೈಯಲ್ಲಿ ಗಬ್ಬ ನಿಂತದ್ದು ನವೆಂಬರ್–ಡಿಸೆಂಬರಿನಲ್ಲಿ ಈಯುತ್ತದೆ: ಮಳೆಯ ಕೆಸರು ಮುಗಿದಿರುತ್ತದೆ, ಬಿಸಿಲು ಬಂದಿರುವುದಿಲ್ಲ, ಮುಂಗಾರಿ ಹೊಲಗಳ ಕೂಳೆ ಸಿಗತೊಡಗಿರುತ್ತದೆ. ಹಸುವಿನ ಲೆಕ್ಕ ಬೇರೆ. ಅದರ ಗಬ್ಬ ಒಂಬತ್ತೂವರೆ ತಿಂಗಳು. ಆಗಸ್ಟಿನ ಹುಲ್ಲು ತಿಂದು ಗಬ್ಬ ನಿಂತ ಹಸು ಮುಂದಿನ ಮುಂಗಾರಿನ ಹೊಸ್ತಿಲಲ್ಲಿ ಕರು ಹಾಕುತ್ತದೆ, ಹಾಲಿನ ಕಾಲಕ್ಕೆ ಹೊಸ ಹುಲ್ಲು ಸಿಗುತ್ತದೆ. ಬರ ಬಂದ ವರ್ಷ ಸೊರಗಿದ ಹಸು ಬೆದೆಗೇ ಬರುವುದಿಲ್ಲ. ದಾಖಲೆಯಲ್ಲಿ ಇದನ್ನು ಎರಡು ಕರುಗಳ ನಡುವಿನ ದೀರ್ಘ ಅಂತರ ಎಂದು ದೋಷವಾಗಿ ಬರೆಯುತ್ತಾರೆ. ಸಾಯುವ ಕರುವನ್ನು ಹೊರದಿರುವುದು ತಾಯಿಯ ಜೀವ ಉಳಿಸುವ ವಿವೇಕ. ಮತ್ತೆ ಕುರಿಗೆ ಬಂದರೆ, ಟಗರು ವರ್ಷವಿಡೀ ಹಿಂಡಿನಲ್ಲೇ ಇರುತ್ತದೆ, ಮರಿ ಎಲ್ಲ ತಿಂಗಳಲ್ಲೂ ಹುಟ್ಟುತ್ತವೆ ಎಂಬುದು ನಿಜ. ಆದರೂ ಮರಿಗಳ ಸುಗ್ಗಿ ಯಾವಾಗ ಎಂಬುದಕ್ಕೆ ಯಾದಗಿರಿ ತಾಲ್ಲೂಕಿನ ಮೈಲಾಪುರವೇ ಸಾಕ್ಷಿ. ಮೈಲಾರಲಿಂಗೇಶ್ವರನ ಜಾತ್ರೆ ನಡೆಯುವುದು ಮಕರ ಸಂಕ್ರಾಂತಿಗೆ. ಹರಕೆ ಹೊತ್ತವರು ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವುದು ಅಲ್ಲಿನ ರೂಢಿಯಾಗಿತ್ತು. ಜಿಲ್ಲಾಡಳಿತ ಅದನ್ನು ನಿಷೇಧಿಸಿ, ತಂದ ಮರಿಗಳನ್ನು ದಾರಿಯಲ್ಲೇ ವಶಕ್ಕೆ ತೆಗೆದುಕೊಳ್ಳುತ್ತ ಬಂದಿದೆ, ಅದು ಸರಿಯಾದ ಕ್ರಮವೇ. ಆದರೆ ಕುರಿಗಾರರ ದೇವರಿಗೆ ಮರಿಯ ಹರಕೆ ಜನವರಿ ನಡುವೆ ಸಲ್ಲುತ್ತಿದ್ದದ್ದರ ಹಿಂದೆ ಒಂದೆರಡು ತಿಂಗಳ ಮರಿಗಳು ಹಿಂಡಿನಲ್ಲಿ ತುಂಬಿರುವ ಕಾಲ ಅದು ಎಂಬ ಸರಳ ಕಾರಣವಿದೆ ಎಂದು ನಾನು ನಂಬುತ್ತೇನೆ. ಪಂಚಾಂಗದ ದಿನವನ್ನು ಸೂರ್ಯ ಗೊತ್ತುಮಾಡಿದ. ಕಾಣಿಕೆಯನ್ನು ಮಡ್ಡಿಯ ಹುಲ್ಲು ಒದಗಿಸಿತು.

ತಳಿ ಎಂಬುದು ಪರಿಸರ ಮಾಡಿದ್ದಲ್ಲ, ಮನುಷ್ಯ ಬೇಕೆಂದು ಮಾಡಿದ್ದು ಎಂಬ ವಾದಕ್ಕೆ ಕೃಷ್ಣಾ ನದಿಯ ದಂಡೆಯಲ್ಲೇ ಒಳ್ಳೆಯ ಉದಾಹರಣೆಯಿದೆ. ಕೃಷ್ಣಾ ಕಣಿವೆ ಎಂದು ಹೆಸರಾದ ದನದ ತಳಿಯನ್ನು 19ನೇ ಶತಮಾನದ ಕೊನೆಯ ದಶಕಗಳಲ್ಲಿ ಸಾಂಗ್ಲಿ ಮೊದಲಾದ ದಕ್ಷಿಣ ಮರಾಠಾ ಸಂಸ್ಥಾನಗಳ ಅರಸರು ಗಿರ್, ಓಂಗೋಲ್, ಕಾಂಕ್ರೇಜ್ ಮತ್ತು ಸ್ಥಳೀಯ ದನಗಳನ್ನು ಬೆರೆಸಿ ಕಟ್ಟಿದರು. ಗುರಿ ಒಂದೇ: ಅಂಟುವ ಎರಿಯಲ್ಲಿ ಭಾರದ ನೇಗಿಲನ್ನು ನಿಧಾನವಾಗಿ, ಬಲವಾಗಿ ಎಳೆಯುವ ಎತ್ತು. ಕೆಲವೇ ದಶಕಗಳಲ್ಲಿ ಅದು ಸಾಧ್ಯವಾಯಿತು ಎಂಬುದನ್ನು ಅಲ್ಲಗಳೆಯಲಾಗದು. ಮನುಷ್ಯನ ಆಯ್ಕೆ ನಿಸರ್ಗದ ಆಯ್ಕೆಗಿಂತ ಎಷ್ಟೋ ವೇಗ. ಮುಂದಿನದನ್ನೂ ನೋಡಬೇಕು. ಟ್ರ್ಯಾಕ್ಟರ್ ಬಂದಮೇಲೆ ಆ ಎತ್ತಿಗೆ ಕೆಲಸ ಹೋಯಿತು, ತಳಿ ಕ್ಷೀಣಿಸಿ ಇಂದು ಸಂರಕ್ಷಣೆಯ ಪಟ್ಟಿಯಲ್ಲಿದೆ. ಒಂದೇ ಕೆಲಸಕ್ಕೆಂದು ಕಟ್ಟಿದ ಮೈ ಆ ಕೆಲಸದೊಂದಿಗೇ ಇಳಿಯಿತು. ಯಾವ ಅರಸನೂ ಯೋಜಿಸದ, ಹಲವು ತಲೆಮಾರಿನ ಕುರಿಗಾರರೂ ಬರಗಳೂ ಕೂಡಿ ಆಯ್ದ ಕುರಿ ಮಾತ್ರ ಈ ಸೀಮೆಯಲ್ಲಿ ನಿಂತಿದೆ. ಸುರಪುರ ನಾಯಕರ ಕಾಲ ದಾಟಿ, 1860ರ ನಂತರದ ನಿಜಾಮನ ಆಡಳಿತ ದಾಟಿ, ಕಲ್ಯಾಣ ಕರ್ನಾಟಕದ ಇಂದಿನವರೆಗೆ.

ಈ ಕುರಿಯ ಅತಿ ಕಠಿಣ ಪರೀಕ್ಷೆ ಬರದಿಂದ ಬರಲಿಲ್ಲ, ನೀರಿನಿಂದ ಬಂತು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಸಿದ್ಧವಾಗಿ, ಎಡದಂಡೆ ಕಾಲುವೆ ಸುರಪುರ, ಶಹಾಪುರ ತಾಲ್ಲೂಕುಗಳಿಗೆ ಹರಿಯಿತು. ಜೋಳ, ಕಡಲೆ, ಶೇಂಗಾ ಬೆಳೆಯುತ್ತಿದ್ದ ಎಷ್ಟೋ ಹೊಲ ಭತ್ತದ ಗದ್ದೆಯಾಯಿತು. ಬಡತನ ಮತ್ತು ಗುಳೆಯ ಸೀಮೆಗೆ ಇದು ತಂದ ಅನ್ನವನ್ನು ಕಡೆಗಣಿಸಿ ಮಾತಾಡುವುದು ಅನ್ಯಾಯ. ಹುಲ್ಲು, ನೀರು ಮನೆಬಾಗಿಲಿಗೆ ಬಂದದ್ದರಿಂದ ಎಮ್ಮೆ ಕಟ್ಟಿದವರಿಗೆ ಲಾಭವೂ ಆಯಿತು. ಕುರಿಗೆ ಆದದ್ದು ಬೇರೆ. ಒಣನೆಲಕ್ಕೆ ಗಟ್ಟಿಯಾದ ಗೊರಸು ನಿಂತ ನೀರಿನಲ್ಲಿ ಮೆತ್ತಗಾಗಿ ಕೊಳೆಯುತ್ತದೆ. ಕಾಲುವೆಯ ಬಸವನಹುಳುಗಳ ಮೂಲಕ ಪಿತ್ತಜನಕಾಂಗಕ್ಕೆ ಚಪ್ಪಟೆಹುಳು ಸೇರುತ್ತದೆ. ಕೆಸರಿನಲ್ಲಿ ಹುಟ್ಟುವ ಸಣ್ಣ ನೊಣಗಳು ನೀಲಿ ನಾಲಿಗೆ ರೋಗವನ್ನು ಹೊತ್ತುತರುತ್ತವೆ. ಇವೆಲ್ಲಕ್ಕೂ ಔಷಧಿ, ಲಸಿಕೆ ಇವೆ. ಔಷಧಿಯಿಲ್ಲದ್ದು ದಾರಿ ಕಡಿದುಹೋದದ್ದಕ್ಕೆ: ಎರಡು ಬೆಳೆಯ ಗದ್ದೆಯಲ್ಲಿ ಒಂದು ಸುಗ್ಗಿಗೂ ಮುಂದಿನ ನಾಟಿಗೂ ನಡುವೆ ಹಿಂಡು ತರುಬಲು ಸಿಗುವ ಬಿಡುವು ಬಹಳ ಕಡಿಮೆ. ಚೀಲದ ಗೊಬ್ಬರ ಸಿಗುವಾಗ ಹಿಕ್ಕೆಗೆ ಕಾಳು ಅಳೆದುಕೊಡುವ ಹೊಲದವರೂ ಕಡಿಮೆಯಾದರು. ಹಿಂಡುಗಳು ಇನ್ನೂ ದೂರಕ್ಕೆ ಹೋಗುತ್ತವೆ, ಕಾಲುವೆ ತಲುಪದ ಗುರುಮಠಕಲ್ ಕಡೆಯ ಗುಡ್ಡಗಳನ್ನು, ರಸ್ತೆಯ ಅಂಚುಗಳನ್ನು ಹಿಡಿಯುತ್ತವೆ.

ಹಾಗಾದರೆ ಹಿಂಡನ್ನು ನಿಲ್ಲಿಸಿ, ಕೊಟ್ಟಿಗೆಯಲ್ಲಿ ಕಟ್ಟಿ, ಹೆಚ್ಚು ಮರಿ ಹಾಕುವ ಕುರಿಯನ್ನು ಸಾಕಬಾರದೇಕೆ? ಇದು ಸದುದ್ದೇಶದ ಪ್ರಶ್ನೆ, ಇದರ ಹಿಂದೆ ಗಟ್ಟಿ ವಿಜ್ಞಾನವೂ ಇದೆ. ಬಂಗಾಳದ ಸುಂದರಬನದ ಗಾರೋಲ್ ಕುರಿ ಬಹಳ ಪುಟ್ಟದು, ಮೊಣಕಾಲು ನೀರಿನಲ್ಲಿ ನಿಂತು ಮೇಯುತ್ತದೆ, ಒಂದು ಸೂಲಿಗೆ ಎರಡು–ಮೂರು ಮರಿ ಹಾಕುತ್ತದೆ. ಅದಕ್ಕೆ ಕಾರಣವಾದ ಒಂದೇ ಜೀನಿನ ರೂಪಾಂತರ ಒಂದು ಸಲಕ್ಕೆ ಬಿಡುಗಡೆಯಾಗುವ ಅಂಡಗಳನ್ನು ಹೆಚ್ಚಿಸುತ್ತದೆ. ಅದೇ ಜೀನು ಬಂಗಾಳದಿಂದ ಹಡಗೇರಿ ಹೋಗಿ ಆಸ್ಟ್ರೇಲಿಯಾದ ಬೂರೂಲಾ ಮೆರಿನೋ ಕುರಿಯಲ್ಲೂ ಸೇರಿಕೊಂಡಿದೆ. ಮಹಾರಾಷ್ಟ್ರದ ಫಲಟಣದ ನಿಂಬಕರ್ ಸಂಸ್ಥೆ 1990ರ ದಶಕದಿಂದ ಅದನ್ನು ದಖ್ಖನಿ ಕುರಿಗೆ ಬೆರೆಸಿ ನಾರಿ ಸುವರ್ಣ ಎಂಬ ಕುರಿಯನ್ನು ಕಟ್ಟಿತು, ಅದು ಕರ್ನಾಟಕಕ್ಕೂ ಬಂದಿದೆ. ಮೇವು, ನೆರಳು, ಆರೈಕೆ ಇರುವ ಮನೆಯಲ್ಲಿ ಅದು ನಿಜಕ್ಕೂ ಆದಾಯ ತರುತ್ತದೆ. ಆದರೆ ಗಾರೋಲಿನ ಎರಡು ಮರಿ ವರ್ಷವಿಡೀ ಹಸಿರಿರುವ ನೆಲದ ಲೆಕ್ಕ. ದಖ್ಖನಿಯ ಒಂದು ಮರಿ ನಡೆಯುವ ತಾಯಿಯ ಲೆಕ್ಕ. ಗಬ್ಬದ ಕೊನೆಯ ತಿಂಗಳಲ್ಲಿ ಎರಡು ಮರಿ ಹೊತ್ತು ಇಡೀ ದಿನ ನಡೆದು, ಈದ ಮೇಲೆ ಎರಡಕ್ಕೂ ಹಾಲಿಳಿಸುವುದು ಮೈಯ ಉಳಿಕೆಯನ್ನೆಲ್ಲ ಬಸಿಯುತ್ತದೆ. ಹುಟ್ಟಿದ ಎರಡು ಬಡಕಲು ಮರಿಗಳು ಹಿಂಡಿನ ಹೆಜ್ಜೆಗೆ ನಿಲ್ಲಲಾರವು. ಅವಳಿ ಬೇಕೋ ಒಂಟಿ ಬೇಕೋ ಎಂಬುದನ್ನು ತಳಿಯ ಹೆಸರು ನೋಡಿ ನಿರ್ಧರಿಸಲಾಗದು, ಆ ಮನೆಯ ಕುರಿ ಜೂನಿನಿಂದ ಮೇ ತಿಂಗಳವರೆಗೆ ಎಲ್ಲೆಲ್ಲಿ ಮೇಯುತ್ತದೆ ಎಂದು ಕೇಳಬೇಕು. ಕರ್ನಾಟಕದಲ್ಲಿ 2019ರ ಜಾನುವಾರು ಗಣತಿಯಂತೆ 1 ಕೋಟಿ 10 ಲಕ್ಷದಷ್ಟು ಕುರಿಗಳಿದ್ದವು. ಅವುಗಳ ತಳಿಗಳ ವಿವರ ಬರೆಯುವಾಗ ಬಣ್ಣ, ಕೊಂಬು, ಕಿವಿಯ ಉದ್ದ, ತೂಕ ಎಲ್ಲವನ್ನೂ ಅಳೆಯುತ್ತೇವೆ. ಅದರ ಪಕ್ಕದಲ್ಲೇ ಹಿಂಡು ಹಾಯುವ ಊರುಗಳು, ನೀರು ಕುಡಿಯುವ ಹಳ್ಳಗಳು, ತರುಬುವ ಹೊಲಗಳು, ಮೇಯುವ ಗಾಯರಾಣ ಜಮೀನುಗಳ ಸರ್ವೆ ನಂಬರುಗಳು ದಾಖಲಾಗಬೇಕು. ಸುರಪುರ, ಶಹಾಪುರಗಳ ಕಾಲುವೆ ಪ್ರದೇಶದಿಂದಲೇ ಆ ಕೆಲಸ ಶುರುವಾಗಬೇಕು, ದಾರಿ ಅತಿ ಬೇಗ ಮುಚ್ಚುತ್ತಿರುವುದು ಅಲ್ಲಿ.